ಆಫೀಸಿನವರು ಫೇಸ್‌ಬುಕ್, ವಾಟ್ಸಾಪ್ ತೆರೆದು ತೋರಿಸಿ ಅಂದರೆ: ಕಾನೂನು ಎಲ್ಲಿಯವರೆಗೆ, ಲ್ಯಾಪ್‌ಟಾಪ್ ಎಲ್ಲಿಯವರೆಗೆ

ಬೀಗದಕೈ

ಸ್ವಂತ ಸೋಷಿಯಲ್ ಮೀಡಿಯಾ ಖಾತೆಗೆ ಕಂಪನಿಯವರು ಕೈಹಾಕುವ ವಿಷಯದ ಪ್ರಶ್ನೆಗಳು ನಾಲ್ಕಾರು ಎಳೆಗಳಲ್ಲಿ ಚದುರಿವೆ. ಒಂದೇ ಕಡೆ ಸಿಗಲಿ ಅಂತ ಇದನ್ನು ತೆರೆದಿದ್ದೇನೆ. ಸೆಕ್ಷನ್, ಸೆಟ್ಟಿಂಗ್, ದಿನಾಂಕ ಸಮೇತ ಬರೆದರೆ ಓದುವವರಿಗೆ ಉಪಕಾರ. ಕಂಪನಿಗಳ ಹೆಸರು ಹಾಕಿ ದೂರು ಹೇಳುವುದು ಬೇಡ.

"ಪಾಸ್‌ವರ್ಡ್ ಕೊಡಿ" ಅಂತ ನೇರವಾಗಿ ಕೇಳಿದರೆ ಕೊಡಬಾರದು. ಅದು ಸುಲಭದ ಭಾಗ. ಯಾರೂ ಕೇಳದೆಯೇ, ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಸ್ವಂತ ಖಾತೆಗೆ ಲಾಗಿನ್ ಆಗಿ ನಾವೇ ಕೈಯಾರೆ ಒಪ್ಪಿಸಿಬಿಡುತ್ತೇವಲ್ಲ, ಕಷ್ಟ ಇರುವುದು ಅಲ್ಲಿ. ಹಾಗಾಗಿ ಲ್ಯಾಪ್‌ಟಾಪ್‌ನಿಂದ ಶುರು ಮಾಡುತ್ತೇನೆ.

ನಿಮ್ಮ ಖಾತೆ ಕಾಣುವುದಕ್ಕೆ ಅಲ್ಲಿ ಮೂರು ಜಾಗ. ಮೊದಲನೆಯದು ಇಂಟರ್‌ನೆಟ್ ದಾರಿಯಲ್ಲಿ ಕೂತ ಪ್ರಾಕ್ಸಿ, ಅಂದರೆ ನೀವು ತೆರೆಯುವ ಸೈಟ್‌ಗಳೆಲ್ಲ ಹಾದುಬರುವ ಕಂಪನಿಯ ನಡುಯಂತ್ರ. ಲ್ಯಾಪ್‌ಟಾಪ್ ಕೈಗೆ ಕೊಡುವ ಮೊದಲೇ ಅದರೊಳಗೆ ಕಂಪನಿಯ ರೂಟ್ ಸರ್ಟಿಫಿಕೇಟ್ (ಯಾರ ಪ್ರಮಾಣಪತ್ರ ನಂಬಬೇಕು ಅಂತ ಬ್ರೌಸರ್‌ಗೆ ಹೇಳುವ ಕಡತ) ಹಾಕಿದ್ದರೆ, ಎಚ್‌ಟಿಟಿಪಿಎಸ್ ಅನ್ನುವ ಬೀಗ ಹಾಕಿದ ಸಂಪರ್ಕವನ್ನು ಪ್ರಾಕ್ಸಿ ನಡುದಾರಿಯಲ್ಲಿ ಬಿಚ್ಚಿ ನೋಡಿ, ಮತ್ತೆ ಕಟ್ಟಿ ಕಳಿಸಬಹುದು. ಬ್ರೌಸರ್ ಯಾವ ಎಚ್ಚರಿಕೆಯನ್ನೂ ತೋರಿಸುವುದಿಲ್ಲ. ಇದನ್ನು ನೀವೇ ಪರೀಕ್ಷಿಸಬಹುದು. ಕ್ರೋಮ್‌ನಲ್ಲಿ ಫೇಸ್‌ಬುಕ್‌ನ ಲಾಗಿನ್ ಪುಟ ತೆರೆಯಿರಿ, ಲಾಗಿನ್ ಆಗಬೇಡಿ. ಅಡ್ರೆಸ್ ಬಾರ್‌ನ ಎಡತುದಿಯ ಚಿಹ್ನೆ ಒತ್ತಿ, "ಕನೆಕ್ಷನ್ ಈಸ್ ಸೆಕ್ಯೂರ್", ಅಲ್ಲಿಂದ "ಸರ್ಟಿಫಿಕೇಟ್ ಈಸ್ ವ್ಯಾಲಿಡ್" ಒತ್ತಿ. ತೆರೆಯುವ ಚಿಕ್ಕ ಕಿಟಕಿಯಲ್ಲಿ "ಇಶ್ಯೂಡ್ ಬೈ" ಅಂತ ಒಂದು ಭಾಗ ಇರುತ್ತದೆ. ಅಲ್ಲಿ ಡಿಜಿಸರ್ಟ್‌ನಂಥ ಸಾರ್ವಜನಿಕ ಪ್ರಮಾಣಪತ್ರ ಸಂಸ್ಥೆಯ ಹೆಸರಿದ್ದರೆ ಆ ಸೈಟಿನ ಸಂಪರ್ಕ ಬಿಚ್ಚುತ್ತಿಲ್ಲ. ನಿಮ್ಮ ಕಂಪನಿಯ ಹೆಸರೋ, ಇಂಥ ಪ್ರಾಕ್ಸಿ ಒದಗಿಸುವ ಜೀಸ್ಕೇಲರ್, ನೆಟ್‌ಸ್ಕೋಪ್ ತರಹದ ಹೆಸರೋ ಇದ್ದರೆ ಬಿಚ್ಚುತ್ತಿದೆ. ಒಂದು ಸೈಟ್ ನೋಡಿ ಎಲ್ಲದಕ್ಕೂ ತೀರ್ಮಾನ ಮಾಡಬೇಡಿ. ಬ್ಯಾಂಕ್ ಮತ್ತು ಆಸ್ಪತ್ರೆ ಸೈಟ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚುವಂತೆ ಹೊಂದಿಸುವ ವಾಡಿಕೆ ಇದೆ.

ಎರಡನೆಯದು ಲ್ಯಾಪ್‌ಟಾಪ್ ಒಳಗೇ ಓಡುವ ಏಜೆಂಟ್, ಅಂದರೆ ನಿಮ್ಮ ಕೆಲಸ ಗಮನಿಸಲು ಕಂಪನಿ ಹಾಕಿದ ಸಾಫ್ಟ್‌ವೇರ್. ವಾಟ್ಸಾಪ್‌ಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆಯಲ್ಲ ಅಂತ ವಾಟ್ಸಾಪ್ ವೆಬ್ ತೆರೆಯುವವರು ಇಲ್ಲಿ ತಪ್ಪುತ್ತಾರೆ. ವಾಟ್ಸಾಪ್ ಸಂದೇಶಕ್ಕೆ ಎಚ್‌ಟಿಟಿಪಿಎಸ್ ಒಳಗೆ ಇನ್ನೊಂದು ಬೀಗ ಇರುವುದರಿಂದ ಪ್ರಾಕ್ಸಿಗೆ ಅದು ಓದಲು ಸಿಗುವುದಿಲ್ಲ, ಅದು ನಿಜ. ಆದರೆ ಆ ಬೀಗ ಬಿಚ್ಚಿಕೊಳ್ಳುವುದು ನಿಮ್ಮ ಪರದೆಯ ಮೇಲೆ, ಮತ್ತು ಪರದೆ ಇರುವುದು ಕಂಪನಿಯ ಯಂತ್ರದಲ್ಲಿ. ಪರದೆಯ ಚಿತ್ರ ತೆಗೆಯುವ, ಕಾಪಿ-ಪೇಸ್ಟ್ ದಾಖಲಿಸುವ, ಅಪ್‌ಲೋಡ್ ಆದ ಫೈಲ್ ಹಿಡಿಯುವ ಸಾಫ್ಟ್‌ವೇರ್ ಅದರಲ್ಲಿದ್ದರೆ ಎನ್‌ಕ್ರಿಪ್ಶನ್ ಏನೂ ಮಾಡಲಾರದು.

ಮೂರನೆಯದು ಬ್ರೌಸರ್. ಕ್ರೋಮ್‌ನ ಮೂರು ಚುಕ್ಕಿ ಮೆನುವಿನ ತೀರಾ ಕೆಳಗೆ "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಅಂತ ಇದ್ದರೆ, ಅದನ್ನು ಒತ್ತಿದಾಗ ಕಂಪನಿ ಏನೇನು ನೋಡಬಹುದು, ಯಾವ ಎಕ್ಸ್‌ಟೆನ್ಶನ್ ಹಾಕಿದೆ ಅನ್ನುವ ಪಟ್ಟಿ ಬರುತ್ತದೆ. ಆ ಬ್ರೌಸರ್‌ಗೆ ಸ್ವಂತ ಜಿಮೇಲ್ ಹಾಕಿ ಸಿಂಕ್ ಆನ್ ಮಾಡಿದರೆ, ವರ್ಷಗಟ್ಟಲೆ ಉಳಿಸಿಟ್ಟ ನಿಮ್ಮ ಪಾಸ್‌ವರ್ಡ್‌ಗಳೆಲ್ಲ ಅರ್ಧ ನಿಮಿಷದಲ್ಲಿ ಆ ಲ್ಯಾಪ್‌ಟಾಪ್‌ಗೆ ಇಳಿಯುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಬ್ಯಾಂಕ್, ಮಕ್ಕಳ ಶಾಲೆಯ ಪೋರ್ಟಲ್, ಎಲ್ಲ. ಇಷ್ಟು ಆದ ಮೇಲೆ ಪಾಸ್‌ವರ್ಡ್ ಕೇಳುವ ಅಗತ್ಯ ಯಾರಿಗೂ ಇರುವುದಿಲ್ಲ.

---

ತಕರಾರು_ಅರ್ಜಿ

ಕಾನೂನಿನ ಭಾಗ ನನಗಿರಲಿ.

ನೌಕರರ ಸೋಷಿಯಲ್ ಮೀಡಿಯಾ ಪಾಸ್‌ವರ್ಡ್ ಕೇಳಬಾರದು ಅಂತಲೇ ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲ. ಆದರೆ ಕೈಗೆ ಹತ್ತಿರದ ಆಯುಧ ಒಂದಿದೆ, ಅದನ್ನು ಬಳಸುವವರು ಕಡಿಮೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ 2011ರಲ್ಲಿ ಬಂದ ನಿಯಮಗಳು. ಅವುಗಳ 3ನೇ ನಿಯಮ "ಸೂಕ್ಷ್ಮ ವೈಯಕ್ತಿಕ ಮಾಹಿತಿ" ಯಾವುದು ಅಂತ ಪಟ್ಟಿ ಮಾಡುತ್ತದೆ. ಪಟ್ಟಿಯ ಮೊದಲ ಹೆಸರೇ ಪಾಸ್‌ವರ್ಡ್. ಬ್ಯಾಂಕ್ ವಿವರ, ಆರೋಗ್ಯದ ವಿವರ ಎಲ್ಲ ಆಮೇಲೆ. 5ನೇ ನಿಯಮದ ಪ್ರಕಾರ ಅಂಥ ಮಾಹಿತಿ ಪಡೆಯಬೇಕಾದರೆ ಲಿಖಿತ ಒಪ್ಪಿಗೆ ಬೇಕು, ಕಂಪನಿಯ ಕೆಲಸಕ್ಕೆ ಸಂಬಂಧಿಸಿದ ಕಾನೂನುಬದ್ಧ ಉದ್ದೇಶ ಇರಬೇಕು, ಆ ಉದ್ದೇಶಕ್ಕೆ ಆ ಮಾಹಿತಿ ಅಗತ್ಯವಾಗಿರಬೇಕು. ಅದೇ ನಿಯಮದ 7ನೇ ಉಪನಿಯಮ ಕೊಡದೇ ಇರುವ ಆಯ್ಕೆಯನ್ನೂ, ಕೊಟ್ಟ ಒಪ್ಪಿಗೆ ಹಿಂಪಡೆಯುವ ಆಯ್ಕೆಯನ್ನೂ ಇಟ್ಟಿದೆ. 9ನೇ ಉಪನಿಯಮದಂತೆ ಕಂಪನಿ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕವನ್ನು ವೆಬ್‌ಸೈಟ್‌ನಲ್ಲಿ ಹಾಕಬೇಕು. ದೂರು ಕೊಟ್ಟ ಒಂದು ತಿಂಗಳೊಳಗೆ ಇತ್ಯರ್ಥ ಆಗಬೇಕು.

ಇದರ ಮಿತಿಯನ್ನೂ ಹೇಳಬೇಕು. ಈ ನಿಯಮಗಳು ಕಂಪನಿ, ಪಾಲುದಾರಿಕೆ, ಒಬ್ಬರೇ ನಡೆಸುವ ವ್ಯವಹಾರ ಇಂಥವಕ್ಕೆ ಮಾತ್ರ. ಸರ್ಕಾರಿ ಇಲಾಖೆಗೆ ಅನ್ವಯಿಸುವುದಿಲ್ಲ. ಮಾಹಿತಿ ಕೊಡದಿದ್ದರೆ, ಯಾವ ಸೇವೆಗಾಗಿ ಅದನ್ನು ಕೇಳಿತ್ತೋ ಆ ಸೇವೆಯನ್ನು ಕಂಪನಿ ನಿಲ್ಲಿಸಬಹುದು ಅಂತಲೂ 5ನೇ ನಿಯಮದಲ್ಲಿದೆ. ಆದರೆ ಸ್ವಂತ ಖಾತೆಯ ಪಾಸ್‌ವರ್ಡ್ ಇಲ್ಲದೆ ಸಂಬಳ ಹಾಕಲಾಗದು ಅಂತ ಯಾವ ಕಂಪನಿಯೂ ವಾದಿಸಲಾರದು.

ಇನ್ನು ಕೇಳದೇ ಬಳಸಿದರೆ ಅದು ಅಪರಾಧದ ದಾರಿ. ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದರೆ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನೀವು ಮರೆತು ಬಿಟ್ಟ ಜಿಮೇಲ್ ಸೆಷನ್ ಒಳಗೆ ಮ್ಯಾನೇಜರ್ ಹೋಗಿ ಹುಡುಕಿದರೆ "ಲ್ಯಾಪ್‌ಟಾಪ್ ನಮ್ಮದು" ಅನ್ನುವುದು ಪೂರ್ತಿ ಉತ್ತರ ಆಗುವುದಿಲ್ಲ. ಯಂತ್ರ ಅವರದು, ಗೂಗಲ್‌ನ ಸರ್ವರ್‌ನಲ್ಲಿರುವ ನಿಮ್ಮ ಖಾತೆ ಅವರದಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ ಮೂಲಭೂತ ಹಕ್ಕಿನ ರಿಟ್ ಮುಖ್ಯವಾಗಿ ಸರ್ಕಾರದ ವಿರುದ್ಧ ನಡೆಯುವಂಥದ್ದು. ಖಾಸಗಿ ಕಂಪನಿ ಮೇಲೆ ನೇರವಾಗಿ ಆ ತೀರ್ಪು ಹಿಡಿದು ಹೋದರೆ ಬಾಗಿಲಲ್ಲೇ ಪ್ರಶ್ನೆ ಬರುತ್ತದೆ.

ಮೀಟಿಂಗ್ ರೂಮಿನಲ್ಲಿ "ಫೋನ್ ಅನ್‌ಲಾಕ್ ಮಾಡಿ" ಅಂತ ಒತ್ತಾಯ ಬಂದಾಗ ನೆನಪಿಡಬೇಕಾದ್ದು 2021ರ ಮಾರ್ಚ್‌ನ ವೀರೇಂದ್ರ ಖನ್ನಾ ಪ್ರಕರಣ. ಫೋನ್ ಮತ್ತು ಇಮೇಲ್ ಖಾತೆ ಶೋಧಿಸಲು ಪೊಲೀಸರೇ ನ್ಯಾಯಾಲಯದ ಆದೇಶ ಅಥವಾ ಸರ್ಚ್ ವಾರಂಟ್ ತರಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು ಅಂತ ನಮ್ಮ ಹೈಕೋರ್ಟ್ ವಿಧಾನ ಹಾಕಿಕೊಟ್ಟಿತು. ನ್ಯಾಯಾಲಯ ಆದೇಶಿಸಿದ ಮೇಲೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ, ಆ ಭಾಗವನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಪೊಲೀಸರಿಗೇ ಇಷ್ಟು ಕಟ್ಟುಪಾಡು ಇರುವಾಗ ಎಚ್‌ಆರ್‌ಗೆ ಆ ಅಧಿಕಾರ ಎಲ್ಲಿಂದ ಬರಬೇಕು?

---

ಕಡತದ_ಕೋಣೆ

ಎಚ್‌ಆರ್ ಕಂಪ್ಲಯನ್ಸ್ ಕಡೆಯಿಂದ ಒಂದು ಮಾತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ 7ನೇ ಕಲಮಿನ ಐ ಉಪಖಂಡ ನೋಡಿ. ಉದ್ಯೋಗದ ಉದ್ದೇಶಕ್ಕೆ, ಕಂಪನಿಯನ್ನು ನಷ್ಟ ಅಥವಾ ಹೊಣೆಯಿಂದ ಕಾಪಾಡುವುದಕ್ಕೆ, ವ್ಯಾಪಾರ ಗುಟ್ಟು ಸೋರದಂತೆ ತಡೆಯುವುದಕ್ಕೆ ಒಪ್ಪಿಗೆ ಇಲ್ಲದೆಯೂ ನೌಕರರ ದತ್ತಾಂಶ ಬಳಸಬಹುದು ಅಂತಿದೆ. 3ನೇ ಕಲಮಿನ ಪ್ರಕಾರ ವ್ಯಕ್ತಿ ತಾನಾಗಿಯೇ ಸಾರ್ವಜನಿಕವಾಗಿ ಹಾಕಿದ ಮಾಹಿತಿ ಈ ಕಾಯ್ದೆಯ ವ್ಯಾಪ್ತಿಗೇ ಬರುವುದಿಲ್ಲ. ಹಾಗಾಗಿ ಪಬ್ಲಿಕ್ ಪೋಸ್ಟ್ ನೋಡಿ ನೇಮಕಾತಿ ನಿರ್ಧಾರ ಮಾಡಿದರೆ ಈ ಕಾಯ್ದೆ ಹಿಡಿದು ತಡೆಯುವುದು ಕಷ್ಟ.

ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಏಜೆನ್ಸಿಯವರು "ಸೋಷಿಯಲ್ ಮೀಡಿಯಾ ಚೆಕ್" ಅನ್ನುವುದು ಇದನ್ನೇ, ಹೊರಗಿಂದ ಕಾಣುವುದನ್ನು ಮಾತ್ರ ನೋಡುವುದು. ಅವರು ಹ್ಯಾಂಡಲ್, ಅಂದರೆ ಖಾತೆಯ ಬಳಕೆದಾರ ಹೆಸರು ಕೇಳಬಹುದು. ಪಾಸ್‌ವರ್ಡ್ ಕಾಲಂ ಇರುವ ಫಾರ್ಮ್ ಬಂದರೆ ಅದು ಏಜೆನ್ಸಿಯದೇ ತಪ್ಪು, ಆ ಕಾಲಂ ಖಾಲಿ ಬಿಟ್ಟು ಎಚ್‌ಆರ್‌ಗೆ ತಿಳಿಸಿ. ಒಳ್ಳೆಯ ಎಚ್‌ಆರ್ ವಿಭಾಗಕ್ಕೆ ನಿಮ್ಮ ಪಾಸ್‌ವರ್ಡ್ ಬೇಡವೇ ಬೇಡ. ಅದು ಕೈಗೆ ಬಂದ ಕ್ಷಣದಿಂದ ಖಾತೆಯಲ್ಲಿ ಏನೇ ಆದರೂ ಹೊಣೆ ಅವರ ಮೇಲೂ ಬೀಳುತ್ತದೆ.

ಕೆಲಸಕ್ಕೆ ಸೇರುವ ದಿನ ಸಹಿ ಹಾಕುವ ಕಾಗದಗಳಲ್ಲಿ ಇದನ್ನು ಹುಡುಕಿ. "ಕಂಪನಿಯ ಸಾಧನಗಳಲ್ಲಿ ನಡೆಯುವ ಚಟುವಟಿಕೆಯನ್ನು ಕಂಪನಿ ಗಮನಿಸಬಹುದು" ಅನ್ನುವುದು ಮಾಮೂಲಿ ಸಾಲು. "ಕಂಪನಿಯ ಸಾಧನಗಳಿಂದ ಪ್ರವೇಶಿಸಿದ ಯಾವುದೇ ಖಾತೆಯ ಮಾಹಿತಿಯನ್ನು ಕಂಪನಿ ಪಡೆಯಬಹುದು" ಅಂತಿದ್ದರೆ ನಿಲ್ಲಿ. "ಯಾವುದೇ ಖಾತೆ" ಅಂದರೆ ನಿಮ್ಮ ಇನ್‌ಸ್ಟಾಗ್ರಾಂ ಕೂಡ ಅದರೊಳಗೆ. ಅದಕ್ಕೆ ವಿವರಣೆ ಕೇಳಿ ಒಂದು ಮೇಲ್ ಹಾಕಿ. ಉತ್ತರ ಬರಲಿ ಬಿಡಲಿ, ನೀವು ಕೇಳಿದ್ದು ದಾಖಲೆಯಲ್ಲಿ ಉಳಿಯುತ್ತದೆ.

---

ತಕರಾರು_ಅರ್ಜಿ

ಮೇಡಂ ಹೇಳಿದ 7ನೇ ಕಲಮಿಗೆ ಎರಡು ಮಾತು ಸೇರಿಸುತ್ತೇನೆ. ಒಂದು, 2023ರ ಕಾಯ್ದೆಯ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಅದೂ ಹಂತ ಹಂತವಾಗಿ. 7ನೇ ಕಲಮು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ. 43ಎ ಕಲಮು ಬಿದ್ದುಹೋಗುವುದೂ ಆಗಲೇ. ಅಲ್ಲಿಯವರೆಗೆ 2011ರ ನಿಯಮಗಳೇ ಕೈಯಲ್ಲಿರುವುದು. ಎರಡು, "ಉದ್ಯೋಗದ ಉದ್ದೇಶ" ಅನ್ನುವ ಮಾತು ಎಷ್ಟು ಎಳೆದರೂ ನಿಮ್ಮ ಅಕ್ಕ ನಿಮಗೆ ಕಳಿಸಿದ ಖಾಸಗಿ ಸಂದೇಶದವರೆಗೆ ಹೋಗುವುದಿಲ್ಲ ಅನ್ನುವುದು ನನ್ನ ಓದು. ಆ ಇನ್‌ಬಾಕ್ಸ್‌ನಲ್ಲಿ ನೌಕರರಲ್ಲದವರ ಮಾಹಿತಿಯೂ ಇದೆ, ಅವರು ಕಂಪನಿಗೆ ಏನೂ ಬರೆದುಕೊಟ್ಟಿಲ್ಲ. ಇದನ್ನು ಗಟ್ಟಿಯಾಗಿ ವಾದಿಸಬೇಕು.

ಪಾಸ್‌ವರ್ಡ್ ಕೇಳಿದರೆ ಬಾಯಲ್ಲಿ ಜಗಳ ಬೇಡ. "ಮೇಲ್ ಹಾಕಿ ಸರ್, ನೋಡಿ ಉತ್ತರ ಕೊಡ್ತೀನಿ" ಅನ್ನಿ. ಮೇಲ್ ಬಂದರೆ ಉತ್ತರ ಹೀಗಿರಲಿ, ಇಂಗ್ಲಿಷ್‌ನಲ್ಲಿ ಬರೆಯುವುದಾದರೂ ಅಂಶ ಇಷ್ಟೇ:

"ನನ್ನ ವೈಯಕ್ತಿಕ ಖಾತೆಯ ಪಾಸ್‌ವರ್ಡ್ ಕೇಳಿದ್ದೀರಿ. 2011ರ ನಿಯಮಗಳ 3ನೇ ನಿಯಮದಂತೆ ಅದು ಸೂಕ್ಷ್ಮ ವೈಯಕ್ತಿಕ ಮಾಹಿತಿ. 5ನೇ ನಿಯಮದ 7ನೇ ಉಪನಿಯಮದಂತೆ ಅದನ್ನು ಕೊಡದಿರುವ ಆಯ್ಕೆ ಮಾಡುತ್ತಿದ್ದೇನೆ. ತನಿಖೆಗೆ ಸಂಬಂಧಿಸಿದ ನಿರ್ದಿಷ್ಟ ಪೋಸ್ಟ್ ಯಾವುದು, ಯಾವ ದಿನಾಂಕದ್ದು ಎಂದು ಲಿಖಿತವಾಗಿ ತಿಳಿಸಿದರೆ ಅದರ ಬಗ್ಗೆ ಉತ್ತರಿಸುತ್ತೇನೆ."

ಕೊನೆಯ ವಾಕ್ಯ ಬಿಡಬೇಡಿ. ಅದಿಲ್ಲದಿದ್ದರೆ "ತನಿಖೆಗೆ ಸಹಕರಿಸಲಿಲ್ಲ" ಅಂತ ಬೇರೆಯೇ ಚಾರ್ಜ್ ಹಾಕುತ್ತಾರೆ.

---

ಹಳೇಹುಬ್ಬಳ್ಳಿ

ಫೋನಿನ ಮಾತು ನಾ ಹೇಳ್ತೀನ್ರಿ.

ಸ್ವಂತ ಫೋನಿನ್ಯಾಗ ಆಫೀಸ್ ಮೇಲ್ ಹಾಕ್ಕೊಳ್ಳಾಕ ಎರಡು ದಾರಿ ಅದಾವ. ಆಂಡ್ರಾಯ್ಡ್‌ನ್ಯಾಗ ವರ್ಕ್ ಪ್ರೊಫೈಲ್ ಅಂತ ಮಾಡಿದ್ರ, ಆಫೀಸ್ ಆಪ್‌ಗಳ ಮ್ಯಾಲ ಸಣ್ಣ ಬ್ರೀಫ್‌ಕೇಸ್ ಚಿಹ್ನೆ ಬರ್ತೈತಿ. ಆ ಕಡೆದಷ್ಟ ಕಂಪನಿ ಕೈಯಾಗ. ಈ ಕಡೆ ನಿಮ್ಮ ಫೋಟೋ, ವಾಟ್ಸಾಪ್, ಫೇಸ್‌ಬುಕ್ ಅವ್ರಿಗೆ ಕಾಣಂಗಿಲ್ಲ. ಕೆಲಸ ಬಿಟ್ಟಾಗ ಅವ್ರು ಅಳಿಸಿದ್ರೂ ಬ್ರೀಫ್‌ಕೇಸ್ ಇದ್ದಷ್ಟ ಹೋಗ್ತೈತಿ. ಇದು ಚಲೋ ದಾರಿ.

ಎರಡನೇದು, ಫೋನಿನ ಜೋಡಿ ಬಂದ ಮೇಲ್ ಆಪ್‌ನ್ಯಾಗ "ಎಕ್ಸ್‌ಚೇಂಜ್" ಅಂತ ಆರಿಸಿ ಆಫೀಸ್ ಮೇಲ್ ಹಾಕೋದು. ಆವಾಗ ಒಂದು ಪರದೆ ಬರ್ತೈತಿ, ಸರ್ವರ್‌ಗೆ ಫೋನಿನ ಮ್ಯಾಲ ಅಧಿಕಾರ ಕೊಡ್ರಿ ಅಂತ. ಪಟ್ಟಿಯೊಳಗ "ಇರೇಸ್ ಆಲ್ ಡೇಟಾ" ಅಂತ ಒಂದು ಸಾಲು ಇದ್ರ ಅಲ್ಲೇ ನಿಲ್ಲಿಸ್ರಿ. ಅದಕ್ಕ ಹೂಂ ಅಂದ್ರ, ಕಂಪನಿಯವ್ರು ರಿಮೋಟ್ ವೈಪ್ ಒತ್ತಿದ ದಿನ ಬರೇ ಮೇಲ್ ಅಲ್ಲ, ಮಕ್ಕಳ ಫೋಟೋ ಸಮೇತ ಇಡೀ ಫೋನ್ ಖಾಲಿ ಆಗ್ಬಹುದು. ಕಂಪನಿನೇ ಕೊಟ್ಟ ಫೋನಿನ ಮಾತು ಬ್ಯಾರೆ. ಅದರೊಳಗ ನಿಮ್ಮ ಸ್ವಂತ ಖಾತೆ ಹಾಕಬ್ಯಾಡ್ರಿ.

ಇನ್ನೊಂದು, ಸೇಲ್ಸ್, ಇನ್ಶೂರೆನ್ಸ್, ಫೈನಾನ್ಸ್ ಕಲೆಕ್ಷನ್ ಹುಡುಗ್ರಿಗೆ ಕಂಪನಿ ಸಿಮ್ ಕೊಡ್ತಾರಲ್ರಿ, ಸಿಯುಜಿ ಸಿಮ್. ಭಾಳ ಮಂದಿ ಅದ ನಂಬರ್‌ಲೇ ಮನಿ ವಾಟ್ಸಾಪ್ ನಡಸ್ತಾರ, ಅದ ನಂಬರ್ ಇನ್‌ಸ್ಟಾಗ್ರಾಂಗೂ ಕೊಟ್ಟಿರ್ತಾರ. ಸಿಮ್ ತಿರುಗಿ ಕೊಟ್ಟ ಮ್ಯಾಲ ಓಟಿಪಿ ಹೋಗೋದು ಆ ಸಿಮ್ ಹಿಡಿದವ್ರ ಕಡೆಗೆ. ಅದಕ್ಕ ಸಿಮ್ ಕೊಡೂಕಿಂತ ಮೊದಲ ವಾಟ್ಸಾಪ್‌ನ್ಯಾಗ ಸೆಟ್ಟಿಂಗ್ಸ್, ಅಕೌಂಟ್, ಚೇಂಜ್ ನಂಬರ್ ಒತ್ತಿ ಸ್ವಂತ ನಂಬರ್‌ಗೆ ಬದಲಿ ಮಾಡ್ಕೋರಿ. ಆ ಹೊತ್ತಿಗೆ ಹೊಸ ನಂಬರ್‌ಗೆ ಓಟಿಪಿ ಬರಬೇಕು, ಹಳೇದು ಇನ್ನೂ ನಿಮ್ಮ ಕೈಯಾಗ ಇರಬೇಕು. ಟೂ-ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿ ಪಿನ್ ಹಾಕ್ರಿ, ಅದರ ರಿಕವರಿ ಮೇಲ್ ಆಫೀಸಿಂದು ಇರಬಾರದು. ಆಮ್ಯಾಲ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಜಿಮೇಲ್, ಟೆಲಿಗ್ರಾಂ, ಬ್ಯಾಂಕ್ ಒಂದೊಂದ ತಗದು ಹಳೇ ನಂಬರ್ ಎಲ್ಲೆಲ್ಲಿ ಕುಂತೈತಿ ನೋಡಿ ತಗೀರಿ. ಒಂದು ದಿನದ ಕೆಲಸ ಐತಿ, ಕಡೇ ದಿನಕ್ಕ ಇಟ್ಕೋಬ್ಯಾಡ್ರಿ.

---

ಗುಬ್ಬಿ_ಗೂಡು

ಮಾರ್ಕೆಟಿಂಗ್ ವಿಭಾಗದವರಿಗೆ ಬೇರೆಯದೇ ತೊಡಕಿದೆ. ಇಲ್ಲಿ ಕಂಪನಿ ಪಾಸ್‌ವರ್ಡ್ ಕೇಳುವುದಕ್ಕೆ ಒಂದು ನಿಜವಾದ ಕಾರಣವೂ ಇರುತ್ತದೆ, ಅದಕ್ಕೇ ಬಿಡಿಸಿಕೊಳ್ಳುವುದು ಕಷ್ಟ.

ಫೇಸ್‌ಬುಕ್ ಪೇಜಿಗೆ ಅದರದೇ ಪಾಸ್‌ವರ್ಡ್ ಇರುವುದಿಲ್ಲ. ಯಾರೋ ಒಬ್ಬರ ಸ್ವಂತ ಫೇಸ್‌ಬುಕ್ ಖಾತೆಯಿಂದಲೇ ಅದನ್ನು ನಡೆಸಬೇಕು. ಸಣ್ಣ ಕಂಪನಿಯಲ್ಲಿ ಆ ಒಬ್ಬರು ಸೋಷಿಯಲ್ ಮೀಡಿಯಾ ನೋಡಿಕೊಳ್ಳುವ ಹುಡುಗಿ. ಅವಳು ರಾಜೀನಾಮೆ ಕೊಟ್ಟಾಗ "ಪೇಜ್ ಹಸ್ತಾಂತರಿಸು" ಅನ್ನುವುದು "ನಿನ್ನ ಫೇಸ್‌ಬುಕ್ ಪಾಸ್‌ವರ್ಡ್ ಕೊಡು" ಅಂತ ತಿರುಗುತ್ತದೆ. ಕೊಟ್ಟರೆ ಅವಳ ಮೆಸೆಂಜರ್, ಅಳಿಸದೆ ಉಳಿದ ಹಳೆಯ ಫೋಟೋ, ಗೆಳತಿಯರ ಮಾತು ಎಲ್ಲ ಹೋಯಿತು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ನಿಯಮಾವಳಿಯೇ ಪಾಸ್‌ವರ್ಡ್ ಹಂಚಿಕೊಳ್ಳಬಾರದು ಅನ್ನುತ್ತದೆ. ಸಂಬಳ ಮತ್ತು ರಿಲೀವಿಂಗ್ ಲೆಟರ್ ಇನ್ನೂ ಅವರ ಕೈಯಲ್ಲಿರುವಾಗ ಇದನ್ನು ಕೇಳುವುದು ಅನ್ಯಾಯ. ಇದಕ್ಕೆ ಸಿಕ್ಕುವವರಲ್ಲಿ ಮೊದಲ ಕೆಲಸದ ಹುಡುಗಿಯರೇ ಜಾಸ್ತಿ ಅನ್ನುವುದು ನನಗೆ ತುಂಬ ನೋವಿನ ಸಂಗತಿ.

ಸರಿಯಾದ ಹಸ್ತಾಂತರಕ್ಕೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ. ಕಂಪನಿಯ ಮಾಲೀಕರೋ ಹಿರಿಯರೋ ತಮ್ಮ ಖಾತೆಯಿಂದ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಬಿಸಿನೆಸ್ ಪೋರ್ಟ್‌ಫೋಲಿಯೋ (ಕಂಪನಿಯ ಪೇಜ್, ಜಾಹೀರಾತು ಖಾತೆ ಒಟ್ಟಿಗೆ ಇಡುವ ಜಾಗ) ತೆರೆಯಬೇಕು. ಪೇಜನ್ನು ಅದರೊಳಗೆ ಸೇರಿಸಿ, ಕಂಪನಿಯ ಕಡೆಯ ಇಬ್ಬರಿಗೆ ಪೂರ್ಣ ನಿಯಂತ್ರಣ ಕೊಡಬೇಕು. ಒಬ್ಬರಿಗೇ ಕೊಟ್ಟರೆ ಅವರ ಖಾತೆ ಲಾಕ್ ಆದ ದಿನ ಪೇಜೂ ಲಾಕ್. ಹೊಸ ಇಬ್ಬರೂ ಒಳಗೆ ಹೋಗಿ ಒಂದೊಂದು ಪೋಸ್ಟ್ ಹಾಕಿ ನೋಡಲಿ, ಒಂದು ವಾರ ಬಿಟ್ಟು ನಿಮ್ಮ ಹೆಸರು ತೆಗೆಯಲಿ. ಜಾಹೀರಾತು ಖಾತೆಗೆ ನಿಮ್ಮ ಸ್ವಂತ ಕಾರ್ಡ್ ಕೊಟ್ಟಿದ್ದರೆ ಅದನ್ನು ಮೊದಲು ತೆಗೆಯಿರಿ. ಹೆಸರು ತೆಗೆದ ಮೇಲೆ ಕಾರ್ಡ್ ತೆಗೆಯಲು ನಿಮಗೆ ದಾರಿ ಇರುವುದಿಲ್ಲ, ಬಿಲ್ ಮಾತ್ರ ಬರುತ್ತಿರುತ್ತದೆ.

ಲಿಂಕ್ಡ್‌ಇನ್ ಪೇಜಿಗೆ ಸೂಪರ್ ಅಡ್ಮಿನ್ ಸೇರಿಸಿದರೆ ಸಾಕು. ಇನ್‌ಸ್ಟಾಗ್ರಾಂಗೆ ಮಾತ್ರ ಅದರದೇ ಪಾಸ್‌ವರ್ಡ್ ಇರುತ್ತದೆ, ಅದು ಕಂಪನಿಯ ಆಸ್ತಿ, ಕೊಡಲೇಬೇಕು. ಆದರೆ ಕೊಡುವ ಮೊದಲು ಅಕೌಂಟ್ಸ್ ಸೆಂಟರ್ ತೆರೆದು ನೋಡಿ. ಕಂಪನಿಯ ಇನ್‌ಸ್ಟಾಗ್ರಾಂ ಮತ್ತು ನಿಮ್ಮ ಸ್ವಂತ ಫೇಸ್‌ಬುಕ್ ಒಂದೇ ಅಕೌಂಟ್ಸ್ ಸೆಂಟರ್‌ನಲ್ಲಿ ಜೋಡಿಸಿಕೊಂಡಿದ್ದರೆ ಮೊದಲು ಬೇರ್ಪಡಿಸಿ. ಒಂದರಿಂದ ಇನ್ನೊಂದಕ್ಕೆ ಲಾಗಿನ್ ಆಗುವ ಆಯ್ಕೆ ಆನ್ ಇದ್ದರೆ, ಕಂಪನಿ ಖಾತೆಯ ಪಾಸ್‌ವರ್ಡ್ ಹಿಡಿದವರು ನಿಮ್ಮ ಖಾತೆಗೂ ನಡೆದುಬರಬಹುದು.

---

ಕಾವೇರಿ_ಟು_ಹಡ್ಸನ್

ಅಮೆರಿಕದಲ್ಲಿರುವ ಕನ್ನಡಿಗರಿಗಾಗಿ. ಇಲ್ಲಿ ನೇರ ಕಾನೂನು ಬಂದದ್ದು ಮೊದಲು ಮೇರಿಲ್ಯಾಂಡ್‌ನಲ್ಲಿ, 2012ರಲ್ಲಿ. ಅಲ್ಲಿನ ಕಾರಾಗೃಹ ಇಲಾಖೆಯ ನೌಕರರೊಬ್ಬರು ರಜೆ ಮುಗಿಸಿ ಕೆಲಸಕ್ಕೆ ಮರಳುವಾಗ ಸಂದರ್ಶನದಲ್ಲಿ ಇಲಾಖೆಯವರು ಅವರ ಫೇಸ್‌ಬುಕ್ ಪಾಸ್‌ವರ್ಡ್ ಕೇಳಿದರು, ಅವರ ಎದುರಿಗೇ ಖಾತೆ ತೆರೆದು ಓದಿದರು. ಅದು ಸುದ್ದಿಯಾಗಿ ಕಾನೂನಾಯಿತು. ಕ್ಯಾಲಿಫೋರ್ನಿಯಾದ ಕಾನೂನು 2013ರ ಜನವರಿ 1ರಿಂದ, ನ್ಯೂಯಾರ್ಕ್‌ನದು 2024ರ ಮಾರ್ಚ್ 12ರಿಂದ. ನ್ಯೂಯಾರ್ಕ್‌ನಲ್ಲಿ ಪಾಸ್‌ವರ್ಡ್ ಕೇಳುವುದಷ್ಟೇ ಅಲ್ಲ, "ನನ್ನೆದುರು ತೆರೆದು ತೋರಿಸು" ಅನ್ನುವುದೂ ನಿಷಿದ್ಧ. ಕಂಪನಿಯೇ ಕೊಟ್ಟ ಖಾತೆಗೆ ಈ ರಕ್ಷಣೆ ಇಲ್ಲ. ಸಹೋದ್ಯೋಗಿ ತಾನಾಗಿ ತೋರಿಸಿದ ಪೋಸ್ಟನ್ನೂ ಕಂಪನಿ ನೋಡಬಹುದು.

ಬೆಂಗಳೂರಿನಲ್ಲಿ ಅಮೆರಿಕನ್ ಬ್ಯಾಂಕುಗಳಿಗೆ ಕೆಲಸ ಮಾಡುವವರು ಇದನ್ನೂ ಗಮನಿಸಿ. 2021ರ ಡಿಸೆಂಬರ್‌ನಲ್ಲಿ ಇಲ್ಲಿನ ಷೇರುಪೇಟೆ ನಿಯಂತ್ರಕ ಎಸ್‌ಇಸಿ, ಜೆಪಿ ಮಾರ್ಗನ್‌ನ ಸೆಕ್ಯುರಿಟೀಸ್ ಸಂಸ್ಥೆಗೆ 12.5 ಕೋಟಿ ಡಾಲರ್ ದಂಡ ಹಾಕಿತು. ನೌಕರರು ಸ್ವಂತ ಫೋನಿನ ವಾಟ್ಸಾಪ್ ಮತ್ತು ಮೆಸೇಜ್‌ನಲ್ಲಿ ವ್ಯವಹಾರದ ಮಾತಾಡಿದ್ದು, ಸಂಸ್ಥೆ ಅದನ್ನು ಉಳಿಸಿಡದೇ ಹೋದದ್ದು ಕಾರಣ. ಅಂಥ ಸಂಸ್ಥೆಯಲ್ಲಿ ಇದ್ದು ಸ್ವಂತ ವಾಟ್ಸಾಪ್‌ನಲ್ಲಿ ಕ್ಲೈಂಟ್ ಜೊತೆ ಒಂದು ಸಾಲು ಬರೆದರೂ, ನಿಮ್ಮ ಫೋನ್ ಕೇಳಲು ಅವರಿಗೆ ಕಾರಣವನ್ನು ನೀವೇ ಕೊಟ್ಟಂತೆ. ಕ್ಲೈಂಟ್ ವಾಟ್ಸಾಪ್ ಮಾಡಿದರೆ "ಆಫೀಸ್ ಮೇಲ್‌ಗೆ ಬರೆಯಿರಿ" ಅಂತಷ್ಟೇ ಉತ್ತರಿಸಿ, ಆ ಸಂದೇಶವನ್ನು ಕಂಪ್ಲಯನ್ಸ್‌ಗೆ ಕಳಿಸಿಬಿಡಿ.

ವೀಸಾ ಗೊಂದಲ ಬೇರೆ. 2025ರ ಡಿಸೆಂಬರ್ 15ರಿಂದ ಎಚ್-1ಬಿ (ಕೆಲಸದ ವೀಸಾ), ಎಚ್-4 (ಅವರ ಕುಟುಂಬದವರ ವೀಸಾ) ಅರ್ಜಿದಾರರು ಸೋಷಿಯಲ್ ಮೀಡಿಯಾ ಖಾತೆಗಳನ್ನು ಪಬ್ಲಿಕ್ ಇಡಬೇಕೆಂದು ಅಮೆರಿಕದ ವಿದೇಶಾಂಗ ಇಲಾಖೆ ಹೇಳಿದೆ. ಡಿಎಸ್-160 ಅರ್ಜಿಯಲ್ಲಿ 5 ವರ್ಷದ ಹ್ಯಾಂಡಲ್‌ಗಳನ್ನೂ ಕೇಳುತ್ತಾರೆ. ಅದು ಸರ್ಕಾರ ಕೇಳುವುದು, ಕೇಳುವುದೂ ಹ್ಯಾಂಡಲ್ ಮಾತ್ರ. "ವೀಸಾಗೆ ಬೇಕು, ಪಾಸ್‌ವರ್ಡ್ ಕೊಡಿ" ಅಂತ ಕಂಪನಿಯ ಏಜೆಂಟ್ ಅಂದರೆ ಅರ್ಜಿಯಲ್ಲಿ ಅಂಥ ಕಾಲಂ ಎಲ್ಲಿದೆ ತೋರಿಸಿ ಅನ್ನಿ.

---

ಹೊಸ_ನೌಕರಿ

ಆಫೀಸ್ ಗೆಳೆಯರ ಖಾಸಗಿ ವಾಟ್ಸಾಪ್ ಗ್ರೂಪ್‌ನಲ್ಲಿ ಬಾಸ್ ಬಗ್ಗೆ ಬರೆದದ್ದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಕೊಟ್ಟರೆ? ಅಲ್ಲಿ ಪಾಸ್‌ವರ್ಡ್ ಪ್ರಶ್ನೆಯೇ ಬರುವುದಿಲ್ಲವಲ್ಲ.

---

ತಕರಾರು_ಅರ್ಜಿ

ಬರುವುದಿಲ್ಲ. ಗ್ರೂಪಿನ ಸದಸ್ಯರೇ ಕೊಟ್ಟರೆ ಅದು ಹ್ಯಾಕಿಂಗ್ ಅಲ್ಲ. ಆದರೆ ಕಂಪನಿ ಅದರ ಮೇಲೆ ಏನು ಬೇಕಾದರೂ ಮಾಡಬಹುದು ಅಂತಲೂ ಅಲ್ಲ. ತಮಿಳುನಾಡಿನ ಗ್ರಾಮೀಣ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ 2023ರಲ್ಲಿ ಇದನ್ನೇ ನೋಡಿತು. ಖಾಸಗಿ ಗ್ರೂಪ್‌ನಲ್ಲಿ ಮೇಲಧಿಕಾರಿಗಳನ್ನು ಲೇವಡಿ ಮಾಡಿದ್ದಕ್ಕೆ ಕೊಟ್ಟ ಚಾರ್ಜ್ ಮೆಮೊವನ್ನು ರದ್ದು ಮಾಡಿ, ನೌಕರರಿಗೆ ಮನಸ್ಸಿನ ಕುದಿ ಹೊರಹಾಕುವ ಹಕ್ಕಿದೆ ಅಂದಿತು. ಕಾನೂನಿನ ಎಲ್ಲೆಯೊಳಗೆ ಇದ್ದರೆ ಮಾತ್ರ. ಜಾತಿ ನಿಂದನೆ, ಹೆಣ್ಣುಮಕ್ಕಳ ಬಗ್ಗೆ ಅಸಹ್ಯ ಮಾತು, ಕಂಪನಿಯ ಗುಟ್ಟು ಇದರೊಳಗೆ ಬರುವುದಿಲ್ಲ. ಅದು ನಮ್ಮ ಹೈಕೋರ್ಟ್ ತೀರ್ಪಲ್ಲ, ಹಾಗಾಗಿ ಇಲ್ಲಿ ಕಟ್ಟುವುದಿಲ್ಲ, ಆದರೆ ಮುಂದಿಟ್ಟು ವಾದಿಸಬಹುದು. ಸರ್ಕಾರಿ ನೌಕರರಿಗೆ ನಡತೆ ನಿಯಮಗಳಿವೆ, ಅವರ ಲೆಕ್ಕ ಬೇರೆ. ಅದಕ್ಕೆ ಪ್ರತ್ಯೇಕ ಎಳೆ ತೆರೆಯೋಣ.

---

ಹೊಸ_ನೌಕರಿ

ಧನ್ಯವಾದ ಸರ್. ಬೀಗದಕೈ ಅವರೇ, ರಾಜೀನಾಮೆ ಕೊಟ್ಟು ಲ್ಯಾಪ್‌ಟಾಪ್ ಹಿಂದಿರುಗಿಸುವ ಮೊದಲು ಪೂರ್ತಿ ಫಾರ್ಮ್ಯಾಟ್ ಮಾಡಿಬಿಟ್ಟರೆ ಸರಿಯಾಗುತ್ತದಲ್ಲವಾ?

---

ಬೀಗದಕೈ

ಬೇಡ, ಬೇಡವೇ ಬೇಡ. ಅದರಲ್ಲಿ ಕಂಪನಿಯ ಕಡತಗಳೂ ಇವೆ. ಅನುಮತಿ ಇಲ್ಲದೆ ಕಂಪನಿಯ ಕಂಪ್ಯೂಟರಿನ ಮಾಹಿತಿ ಅಳಿಸಿದರೆ ಐಟಿ ಕಾಯ್ದೆಯ 43ನೇ ಕಲಮು ನಿಮ್ಮ ಮೇಲೆಯೇ ತಿರುಗುತ್ತದೆ. ಫುಲ್ ಅಂಡ್ ಫೈನಲ್ ಹಣ ತಡೆಹಿಡಿಯಲು ಅವರಿಗೆ ಬೇರೆ ಕಾರಣ ಬೇಡ.

ಮೊದಲು ಮಾಡಬೇಕಾದ್ದು ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ನಿಮ್ಮ ಫೋನಿನಲ್ಲಿ, ಮನೆಯ ಇಂಟರ್‌ನೆಟ್‌ನಲ್ಲಿ. ರಾಜೀನಾಮೆ ಮೇಲ್ ಕಳಿಸುವ ಮುನ್ನವೇ ಇದನ್ನು ಮುಗಿಸಿ, ಕಳಿಸಿದ ಸಂಜೆಯೇ ಲಾಗಿನ್ ನಿಂತುಹೋಗುವ ಕಂಪನಿಗಳಿವೆ. ಲಿಂಕ್ಡ್‌ಇನ್‌ನ ಸೆಟ್ಟಿಂಗ್ಸ್‌ನಲ್ಲಿ "ಇಮೇಲ್ ಅಡ್ರೆಸಸ್" ತೆರೆಯಿರಿ. ಪ್ರೈಮರಿ ಜಾಗದಲ್ಲಿ ಆಫೀಸ್ ಮೇಲ್ ಇದ್ದರೆ, ನೀವು ಹೋದ ಮೇಲೆ ಆ ಮೇಲ್‌ಬಾಕ್ಸ್ ನೋಡುವ ಯಾರಾದರೂ "ಫರ್ಗಾಟ್ ಪಾಸ್‌ವರ್ಡ್" ಒತ್ತಿ ನಿಮ್ಮ ಖಾತೆಯನ್ನು ಎತ್ತಿಕೊಳ್ಳಬಹುದು. ಸ್ವಂತ ಮೇಲ್ ಸೇರಿಸಿ, ಅದನ್ನು ಪ್ರೈಮರಿ ಮಾಡಿ, ಆಮೇಲೆ ಆಫೀಸಿನದನ್ನು ತೆಗೆಯಿರಿ. ಇದೇ ಕ್ರಮದಲ್ಲಿ ಮಾಡಬೇಕು, ಯಾಕೆಂದರೆ ಪ್ರೈಮರಿ ಮೇಲ್ ತೆಗೆಯಲು ಬಿಡುವುದಿಲ್ಲ. ಗೂಗಲ್ ಮತ್ತು ಫೇಸ್‌ಬುಕ್‌ನ ರಿಕವರಿ ಮೇಲ್ ಕೂಡ ನೋಡಿ. ಆಥೆಂಟಿಕೇಟರ್ ಆಪ್ ಕಂಪನಿ ಫೋನಿನಲ್ಲಿದ್ದರೆ ಸ್ವಂತ ಫೋನಿಗೆ ಸರಿಸಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದಿಡಿ.

ಆಮೇಲೆ ಸೆಷನ್‌ಗಳು. ಗೂಗಲ್‌ನಲ್ಲಿ ಸೆಕ್ಯುರಿಟಿ, "ಯುವರ್ ಡಿವೈಸಸ್". ಫೇಸ್‌ಬುಕ್, ಇನ್‌ಸ್ಟಾಗ್ರಾಂಗೆ ಅಕೌಂಟ್ಸ್ ಸೆಂಟರ್, ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿ, "ವೇರ್ ಯು ಆರ್ ಲಾಗ್ಡ್ ಇನ್". ಟೆಲಿಗ್ರಾಂಗೆ ಸೆಟ್ಟಿಂಗ್ಸ್, ಡಿವೈಸಸ್. ಆಫೀಸ್ ಯಂತ್ರ ಕಂಡಲ್ಲೆಲ್ಲ ಸೈನ್‌ಔಟ್ ಮಾಡಿ, ಆಮೇಲೆ ಫೋನಿನಿಂದಲೇ ಪಾಸ್‌ವರ್ಡ್ ಬದಲಿಸಿ. ಲ್ಯಾಪ್‌ಟಾಪ್‌ನಲ್ಲೇ ಕೂತು ಹೊಸ ಪಾಸ್‌ವರ್ಡ್ ಹಾಕಿದರೆ ಬದಲಿಸಿ ಉಪಯೋಗವಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಮಾಡುವುದು ಕಡೆಗೆ, ಅದೂ ಸ್ವಲ್ಪವೇ. ಕ್ರೋಮ್‌ನ ನಿಮ್ಮ ಸ್ವಂತ ಪ್ರೊಫೈಲ್ ತೆಗೆಯಿರಿ. ಡೌನ್‌ಲೋಡ್ಸ್‌ನಲ್ಲಿ ಉಳಿದ ಆಧಾರ್, ಪೇ ಸ್ಲಿಪ್, ಮನೆಯ ಫೋಟೋ ಇಂಥ ಸ್ವಂತ ಫೈಲ್ ಮಾತ್ರ ಅಳಿಸಿ. ಇಂತಿಂಥ ವೈಯಕ್ತಿಕ ಫೈಲ್ ತೆಗೆದಿದ್ದೇನೆ, ಕಂಪನಿಯ ಕಡತ ಮುಟ್ಟಿಲ್ಲ ಅಂತ ಐಟಿ ವಿಭಾಗಕ್ಕೆ ಎರಡು ಸಾಲಿನ ಮೇಲ್ ಹಾಕಿ, ಬಿಸಿಸಿಯಲ್ಲಿ ಸ್ವಂತ ಮೇಲ್ ಇರಲಿ. ಆ ಮೇಲ್‌ಗೆ ಕಂಪನಿಯ ಯಾವ ಫೈಲನ್ನೂ ಅಂಟಿಸಬೇಡಿ.

---

ಗುಬ್ಬಿ_ಗೂಡು

ಲ್ಯಾಪ್‌ಟಾಪ್ ಆಗಲೇ ಕೊಟ್ಟುಬಿಟ್ಟಿದ್ದರೆ, ವಾಟ್ಸಾಪ್ ವೆಬ್ ಅದರಲ್ಲೇ ತೆರೆದಿದ್ದರೆ? 14 ದಿನಕ್ಕೆ ತಾನಾಗಿ ಮುಚ್ಚಿಕೊಳ್ಳುತ್ತದೆ ಅಂತ ಹಲವರು ನಂಬಿದ್ದಾರೆ.

---

ಬೀಗದಕೈ

ಅದನ್ನು ನಂಬಿ ಕೂರಬೇಡಿ. ಆ 14 ದಿನದ ನಿಯಮ ಇರುವುದು ಫೋನಿಗೆ. ನೀವು ಫೋನ್ 14 ದಿನಕ್ಕಿಂತ ಹೆಚ್ಚು ಬಳಸದಿದ್ದರೆ ಜೋಡಿಸಿದ ಸಾಧನಗಳು ಲಾಗ್‌ಔಟ್ ಆಗುತ್ತವೆ. ನೀವು ಫೋನ್ ದಿನವೂ ಬಳಸುತ್ತಿದ್ದರೆ ಆ ನಿಯಮ ನಿಮ್ಮ ನೆರವಿಗೆ ಬರುವುದಿಲ್ಲ, ಫೋನ್ ಆಫ್ ಇದ್ದರೂ ಅಲ್ಲಿ ಹೊಸ ಸಂದೇಶ ಬರುತ್ತಿರುತ್ತದೆ.

ಈಗಲೇ ವಾಟ್ಸಾಪ್‌ನ "ಲಿಂಕ್ಡ್ ಡಿವೈಸಸ್" ತೆರೆಯಿರಿ. ಪಟ್ಟಿಯಲ್ಲಿ ವಿಂಡೋಸ್ ಅಥವಾ ಕ್ರೋಮ್ ಅಂತ ಇರುತ್ತದೆ, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ "ಲಾಸ್ಟ್ ಆ್ಯಕ್ಟಿವ್" ಸಮಯ. ಆ ಸಮಯ ನೀವು ಲ್ಯಾಪ್‌ಟಾಪ್ ಕೊಟ್ಟ ದಿನದ ನಂತರದ್ದಾಗಿದ್ದರೆ, ಲಾಗ್‌ಔಟ್ ಒತ್ತುವ ಮೊದಲು ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಲಾಗ್‌ಔಟ್ ಒತ್ತಿದರೆ ಆ ಸಾಲು ಪಟ್ಟಿಯಿಂದ ಹೋಗಿಬಿಡುತ್ತದೆ. ಸ್ಕ್ರೀನ್‌ಶಾಟ್ ಜೊತೆಗೆ ಲ್ಯಾಪ್‌ಟಾಪ್ ಒಪ್ಪಿಸಿದ ರಸೀದಿಯನ್ನೂ ಸೇರಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ರಸೀದಿ ಕೊಟ್ಟಿಲ್ಲವಾದರೆ, ಇಂಥ ದಿನ ಇಷ್ಟು ಗಂಟೆಗೆ ಇಂಥವರ ಕೈಗೆ ಲ್ಯಾಪ್‌ಟಾಪ್ ಕೊಟ್ಟೆ ಅಂತ ಇವತ್ತೇ ಎಚ್‌ಆರ್‌ಗೆ ಮೇಲ್ ಹಾಕಿ, ಸೀರಿಯಲ್ ನಂಬರ್ ಸಮೇತ.